10×10 ಕೃಷಿ ಹೊಂಡ 20×20 ಆದರೆ ನೀರು ನಾಲ್ಕು ಪಟ್ಟೋ, ಎಂಟು ಪಟ್ಟೋ?

ಹೊಲದಂಚು:
ಲೆಕ್ಕ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ. ಒಂದು ಕೃಷಿ ಹೊಂಡದ ಮೇಲ್ಬಾಯಿ 10×10 ಮೀಟರ್, ಆಳ 3 ಮೀಟರ್. ಆಳ ಹಾಗೇ ಇಟ್ಟು ಬಾಯಿಯನ್ನು 20×20 ಮಾಡಿದರೆ ನೀರು ಎಷ್ಟು ಪಟ್ಟು ಹೆಚ್ಚುತ್ತದೆ? ನೀರು ಇಂಗದಂತೆ ಒಳಗೆ ಹಾಸುವ ಪ್ಲಾಸ್ಟಿಕ್ ಹಾಳೆ ಎಷ್ಟು ಪಟ್ಟು ಬೇಕು? ಮೂರು ಉತ್ತರ ಓಡಾಡುತ್ತಿವೆ. ಬಾಯಿ ನಾಲ್ಕು ಪಟ್ಟಾದ್ದರಿಂದ ನೀರೂ ನಾಲ್ಕು ಪಟ್ಟು ಅನ್ನುವುದು ಒಂದು. ಅಳತೆ ಎರಡು ಪಟ್ಟಾದರೆ ಘನಫಲ ಎಂಟು ಪಟ್ಟು ಅನ್ನುವ ಶಾಲೆಯ ಪಾಠ ಇನ್ನೊಂದು. ಅಂದಾಜು ಪಟ್ಟಿಯಲ್ಲಿ 5.6 ಪಟ್ಟು ಎಂದಿದೆ. ಕೆಂಪು ಮಣ್ಣು, ಎರಡಕ್ಕೂ ಇಳಿಜಾರು 1:1.

ಗಣಿತ ಮೇಷ್ಟ್ರು:
5.6 ಸರಿ. ಉಳಿದೆರಡು ನಿಯಮಗಳೂ ನಿಜವೇ, ಈ ಹೊಂಡಕ್ಕೆ ಅನ್ವಯಿಸುವುದಿಲ್ಲ ಅಷ್ಟೆ.

ಎಂಟು ಪಟ್ಟು ಆಗಬೇಕಾದರೆ ಎರಡೂ ಹೊಂಡಗಳು ಸಮರೂಪವಾಗಿರಬೇಕು. ಬಾಯಿ, ತಳ, ಆಳ ಮೂರೂ ಒಂದೇ ಪ್ರಮಾಣದಲ್ಲಿ ಹಿಗ್ಗಬೇಕು. ಇಲ್ಲಿ ಆಳ ಇದ್ದಲ್ಲೇ ಇದೆ. ನಾಲ್ಕು ಪಟ್ಟು ಆಗಬೇಕಾದರೆ ಗೋಡೆ ನೆಟ್ಟಗಿರಬೇಕು. ಆಗ ಯಾವ ಮಟ್ಟದಲ್ಲಿ ಅಡ್ಡ ಕೊಯ್ದರೂ ಅದೇ ಚೌಕ ಸಿಗುತ್ತದೆ. ನಮ್ಮ ಹೊಂಡದ ಗೋಡೆ ಓರೆ.

1:1 ಅಂದರೆ ಒಂದು ಮೀಟರ್ ಇಳಿದರೆ ಒಂದು ಮೀಟರ್ ಒಳಗೆ ಬರುತ್ತದೆ. 3 ಮೀಟರ್ ಆಳಕ್ಕೆ ಒಂದು ಪಕ್ಕದಲ್ಲಿ 3, ಎರಡೂ ಪಕ್ಕ ಸೇರಿ 6 ಮೀಟರ್ ಇಳಿಜಾರಿಗೇ ಹೋಯಿತು. ಹಾಗಾಗಿ 10ರ ಬಾಯಿಗೆ ತಳ 4×4, 20ರ ಬಾಯಿಗೆ ತಳ 14×14. ಈಗ ಒಂದೊಂದೇ ಮಟ್ಟದಲ್ಲಿ ಅಡ್ಡಕೊಯ್ತ ಹೋಲಿಸಿ:

ಬಾಯಿ: 100 ಮತ್ತು 400 ಚ.ಮೀ., 4 ಪಟ್ಟು.
ನಡುಮಟ್ಟ, ಅಂದರೆ ಒಂದೂವರೆ ಮೀಟರ್ ಕೆಳಗೆ: 7×7 = 49 ಮತ್ತು 17×17 = 289, ಹತ್ತಿರ ಹತ್ತಿರ 5.9 ಪಟ್ಟು.
ತಳ: 16 ಮತ್ತು 196, 12.25 ಪಟ್ಟು.

ಬಾಯಲ್ಲಿ 4 ಪಟ್ಟಿದ್ದದ್ದು ತಳಕ್ಕೆ ಹೋಗುವಷ್ಟರಲ್ಲಿ 12 ಪಟ್ಟು ದಾಟಿದೆ. ಆ 6 ಮೀಟರ್ ಚಿಕ್ಕ ಹೊಂಡಕ್ಕೂ ಅಷ್ಟೇ, ದೊಡ್ಡದಕ್ಕೂ ಅಷ್ಟೇ. ಚಿಕ್ಕದು ಅದರಲ್ಲೇ ಅರ್ಧಕ್ಕಿಂತ ಹೆಚ್ಚು ಅಗಲ ಕಳೆದುಕೊಳ್ಳುತ್ತದೆ, ದೊಡ್ಡದಕ್ಕೆ ಅದು ಅಷ್ಟಾಗಿ ತಾಗುವುದಿಲ್ಲ. ಒಟ್ಟು ನೀರು 156 ಮತ್ತು 876 ಘನ ಮೀಟರ್, ಭಾಗಿಸಿದರೆ 5.6.

ನಿಜವಾಗಿ ಎಂಟು ಪಟ್ಟು ಬೇಕಿದ್ದರೆ ಬಾಯಿ 20×20, ತಳ 8×8, ಆಳ 6 ಮೀಟರ್ ತೋಡಬೇಕು. ಅದು 1248 ಘನ ಮೀಟರ್, ಸರಿಯಾಗಿ 156ರ ಎಂಟು ಪಟ್ಟು.

ಹೊಲದಂಚು:
156 ಹೇಗೆ ಬಂತು ಸರ್? 10×10×3 ಅಂದರೆ 300 ಆಗಬೇಕಲ್ಲ. ಮೂರು ಲಕ್ಷ ಲೀಟರ್ ಹಿಡಿಯುತ್ತದೆ ಎಂದೇ ಎಲ್ಲರೂ ಹೇಳುವುದು.

ಸೈಟು ಇಂಜಿನಿಯರ್:
ಆ 300 ನೆಟ್ಟಗೋಡೆಯ ತೊಟ್ಟಿಗೆ. ಓರೆಗೋಡೆಯ ಹೊಂಡಕ್ಕೆ 1.56 ಲಕ್ಷ ಲೀಟರ್ ಮಾತ್ರ. ಇದು ಕಾಗದದ ಮೇಲಿನ ವ್ಯತ್ಯಾಸ ಅಂದುಕೊಳ್ಳಬೇಡಿ. ಒಂದು ಎಕರೆ ಅಂದರೆ 4047 ಚ.ಮೀ. ಮಳೆ ಕೈಕೊಟ್ಟಾಗ ಎಕರೆಗೆ 25 ಮಿ.ಮೀ. ನೀರು ಹಾಯಿಸಲು 101 ಘನ ಮೀಟರ್ ಬೇಕು. 300 ಎಂದು ನಂಬಿದವರು ಎಕರೆಗೆ ಮೂರು ಸಲ ಹಾಯಿಸಬಹುದೆಂದು ಬೆಳೆ ಇಡುತ್ತಾರೆ, ಕೈಯಲ್ಲಿರುವುದು ಒಂದೂವರೆ ಸಲದ ನೀರು. ಎರಡನೆಯ ಸಲ ಅರ್ಧ ಹೊಲಕ್ಕೆ ಬರುವಷ್ಟರಲ್ಲಿ ಪಂಪು ಗಾಳಿ ಎಳೆಯುತ್ತದೆ.

ಲೆಕ್ಕ ಹೀಗೆ. ಮೇಲಿನ ವಿಸ್ತೀರ್ಣ, ಕೆಳಗಿನ ವಿಸ್ತೀರ್ಣ, ಇವೆರಡರ ಗುಣಲಬ್ಧದ ವರ್ಗಮೂಲ, ಮೂರನ್ನೂ ಕೂಡಿಸಿ, ಆಳದಿಂದ ಗುಣಿಸಿ, 3ರಿಂದ ಭಾಗಿಸಿ. 100 + 16 + 40 = 156, ಆಳವೂ 3 ಆದ್ದರಿಂದ ಅದೇ ಉಳಿಯಿತು. ಸರ್ಕಾರದ ಕೃಷಿ ಭಾಗ್ಯ ಯೋಜನೆಯ ಹೊಂಡದ ಅಳತೆಗಳಿಗೆಲ್ಲ 1:1 ಇಳಿಜಾರಿನಲ್ಲಿ ಹಾಕಿ ನೋಡಿದರೆ:

12×12: 252 ಘ.ಮೀ.
15×15: 441
18×18: 684
21×21: 981

ಬಾಯಿ 10ರಿಂದ 21ಕ್ಕೆ ಹೋದಾಗ ಜಾಗ 4.4 ಪಟ್ಟು ಹೋಗುತ್ತದೆ, ನೀರು 6.3 ಪಟ್ಟು ಬರುತ್ತದೆ.

ಗಣಿತ ಮೇಷ್ಟ್ರು:
ಈ ಸೂತ್ರ ಎಲ್ಲಿಂದ ಬಂತೆಂದು ನೋಡಿದರೆ ಸಮರೂಪದ ನಿಯಮ ಇಲ್ಲೂ ಕೆಲಸ ಮಾಡುತ್ತಿರುವುದು ಕಾಣುತ್ತದೆ. ಹತ್ತನೇ ತರಗತಿಯ ಶಂಕುವಿನ ಭಿನ್ನಕ (ತುದಿ ಕತ್ತರಿಸಿದ ಶಂಕು) ಓದಿದವರಿಗೆ ಇದು ಪರಿಚಿತ ದಾರಿ.

ಹೊಂಡದ ನಾಲ್ಕು ಮೂಲೆಯ ಅಂಚುಗಳನ್ನು ನೆಲದೊಳಗೆ ಹಾಗೇ ಮುಂದುವರಿಸಿ. 10ರ ಬಾಯಿ, 1:1 ಇಳಿಜಾರು ಆದ್ದರಿಂದ 5 ಮೀಟರ್ ಆಳದಲ್ಲಿ ನಾಲ್ಕೂ ಒಂದು ಬಿಂದುವಿನಲ್ಲಿ ಸೇರುತ್ತವೆ. ಅದು ತಲೆಕೆಳಗಾದ ಪೂರ್ಣ ಪಿರಮಿಡ್: 100 × 5 ÷ 3 = 166.67. ನಾವು ತೋಡದೆ ಬಿಟ್ಟದ್ದು ಕೊನೆಯ 2 ಮೀಟರಿನ ಪುಟ್ಟ ಪಿರಮಿಡ್: 16 × 2 ÷ 3 = 10.67. ಕಳೆದರೆ 156.

ಆ ಪುಟ್ಟದು ದೊಡ್ಡದಕ್ಕೆ ಸಮರೂಪ. ಎತ್ತರದ ಪ್ರಮಾಣ 2/5, ಅಡ್ಡಕೊಯ್ತದ ವಿಸ್ತೀರ್ಣದ ಪ್ರಮಾಣ 4/25, ಘನಫಲದ ಪ್ರಮಾಣ 8/125. ಹೊಂಡಕ್ಕೆ ಹೊಂಡ ಸಮರೂಪವಲ್ಲದಿದ್ದರೂ ಅದರೊಳಗಿನ ಪಿರಮಿಡ್‌ಗಳು ಸಮರೂಪ. ಹಾಗಾಗಿ ಇಳಿಜಾರು 1:1 ಇರುವ ಯಾವ ಚೌಕ ಹೊಂಡಕ್ಕೂ ಒಂದೇ ಸಾಲಿನ ಸೂತ್ರ ಸಾಕು: ಬಾಯಿಯ ಘನ, ಕಳೆಯಿರಿ ತಳದ ಘನ, ಭಾಗಿಸಿ 6. (1000 − 64) ÷ 6 = 156. ವರ್ಗಮೂಲದ ಗೊಡವೆಯೇ ಬೇಡ.

ಈಜಿಪ್ಟಿನವರು ಇದನ್ನು ಕ್ರಿಸ್ತಪೂರ್ವ 1850ರ ಸುಮಾರಿಗೇ ಬಲ್ಲವರಾಗಿದ್ದರು. ಮಾಸ್ಕೋದಲ್ಲಿರುವ ಗಣಿತದ ಪಪೈರಸ್ಸಿನ 14ನೇ ಲೆಕ್ಕದಲ್ಲಿ ಬುಡ 4, ತಲೆ 2, ಎತ್ತರ 6 ಇರುವ ಮೊಟಕು ಪಿರಮಿಡ್ಡಿಗೆ 56 ಎಂಬ ಸರಿಯುತ್ತರವಿದೆ.

ಅಂದಾಜು ಪಟ್ಟಿ:
ಕಚೇರಿಗಳಲ್ಲಿ ಸಾಮಾನ್ಯವಾಗಿ ಮೇಲಿನ ಮತ್ತು ಕೆಳಗಿನ ವಿಸ್ತೀರ್ಣಗಳ ಸರಾಸರಿಯನ್ನು ಆಳದಿಂದ ಗುಣಿಸಿಬಿಡುತ್ತಾರೆ. (100 + 16) ÷ 2 × 3 = 174. ಕೆಲವರು ನಡುಮಟ್ಟದ ಅಳತೆ ಹಿಡಿದು 7 × 7 × 3 = 147 ಅನ್ನುತ್ತಾರೆ. ತೋಡುವವನಿಗೆ ಘನ ಮೀಟರ್ ಲೆಕ್ಕದಲ್ಲಿ ದುಡ್ಡು ಕೊಡುವಾಗ 174ಕ್ಕೂ 147ಕ್ಕೂ 27 ಘನ ಮೀಟರ್ ಅಂತರ. ಯಾವುದನ್ನು ಹಿಡಿಯಬೇಕು?

ಸೈಟು ಇಂಜಿನಿಯರ್:
ಎರಡನ್ನೂ ಅಲ್ಲ. ಮೇಲಿನದು ಒಂದು ಪಾಲು, ನಡುಮಟ್ಟದ್ದು ನಾಲ್ಕು ಪಾಲು, ತಳದ್ದು ಒಂದು ಪಾಲು, ಒಟ್ಟು ಆರು ಪಾಲಿನ ಸರಾಸರಿ ಹಿಡಿಯಿರಿ. (100 + 4×49 + 16) ÷ 6 × 3 = 156.

ಆ ಎರಡು ಅಂದಾಜುಗಳ ತಪ್ಪು ಎಷ್ಟೆಂಬುದನ್ನು ಗಮನಿಸಿ. ಸರಾಸರಿ ವಿಸ್ತೀರ್ಣದ್ದು 18 ಹೆಚ್ಚು, ನಡುಮಟ್ಟದ್ದು 9 ಕಡಿಮೆ. ಈಗ 21×21 ಹೊಂಡಕ್ಕೆ ಮಾಡಿ: ಸರಾಸರಿಯಿಂದ 999, ನಡುಮಟ್ಟದಿಂದ 972, ನಿಜ 981. ಅಲ್ಲೂ 18 ಹೆಚ್ಚು, 9 ಕಡಿಮೆ! ಆಳ 3, ಇಳಿಜಾರು 1:1 ಇರುವವರೆಗೆ ಚೌಕ ಹೊಂಡದ ಬಾಯಿ ಎಷ್ಟೇ ಆಗಲಿ, ತಪ್ಪು ಬದಲಾಗುವುದಿಲ್ಲ. ದೊಡ್ಡ ಹೊಂಡದಲ್ಲಿ 18 ಅಂದರೆ ನೂರಕ್ಕೆ ಎರಡೂ ಇಲ್ಲ. 10×10ರಲ್ಲಿ ಅದೇ 18 ನೂರಕ್ಕೆ ಹನ್ನೊಂದೂವರೆ. ಚಿಕ್ಕ ಹೊಂಡದವರೇ ಈ ಲೆಕ್ಕದಲ್ಲಿ ಹೆಚ್ಚು ಸೋಲುವುದು.

ಖಾತವ್ಯವಹಾರ:
ಒಂದು ಹೆಚ್ಚು, ಇನ್ನೊಂದು ಕಡಿಮೆ, ಅದೂ ಎರಡಕ್ಕೆ ಒಂದರ ಪ್ರಮಾಣದಲ್ಲಿ: ಇದನ್ನು ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ನಿಯಮ ಮಾಡಿಟ್ಟಿದ್ದಾನೆ, ಅದೂ ಗುಂಡಿ ತೋಡುವ ಲೆಕ್ಕದ ಭಾಗದಲ್ಲೇ. ಸರಾಸರಿ ಉದ್ದಗಲ ಹಿಡಿದು ಬಂದ ಘನಫಲಕ್ಕೆ ಅವನ ಹೆಸರು ವ್ಯಾವಹಾರಿಕ. ವಿಸ್ತೀರ್ಣಗಳ ಸರಾಸರಿಯಿಂದ ಬಂದ ಫಲದಲ್ಲಿ ಇದನ್ನು ಕಳೆ, ಉಳಿದದ್ದನ್ನು ಮೂರರಿಂದ ಭಾಗಿಸು, ವ್ಯಾವಹಾರಿಕಕ್ಕೆ ಕೂಡಿಸು, ಅದು ಸೂಕ್ಷ್ಮಫಲ, ಅಂದರೆ ನಿಖರ ಘನಫಲ.

ನಿಮ್ಮ ಹೊಂಡಕ್ಕೆ ಹಾಕಿ: 174 − 147 = 27, ಮೂರನೇ ಒಂದು ಪಾಲು 9, 147 + 9 = 156.

ಇಂಜಿನಿಯರ್ ಹೇಳಿದ ಒಂದು-ನಾಲ್ಕು-ಒಂದರ ಸೂತ್ರವೂ ಇದೂ ಬೀಜಗಣಿತದಲ್ಲಿ ಒಂದೇ. ಸೊನ್ನೆ ತಪ್ಪಿಲ್ಲದ ನಿಯಮ ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳಿಂದ ಇದೆ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನೂ ಗಣಿತಸಾರಸಂಗ್ರಹದಲ್ಲಿ ಖಾತವ್ಯವಹಾರಕ್ಕೆ, ಅಂದರೆ ಗುಂಡಿಗಳ ಲೆಕ್ಕಕ್ಕೆ, ಒಂದಿಡೀ ಅಧ್ಯಾಯ ಕೊಟ್ಟು, ಎರಡು ಒರಟು ಫಲಗಳಿಂದ ಸೂಕ್ಷ್ಮಫಲ ತೆಗೆಯುವ ಇದೇ ದಾರಿ ಹೇಳುತ್ತಾನೆ. ನಮ್ಮ ನೆಲದ ಲೆಕ್ಕದ ಪುಸ್ತಕದಲ್ಲಿದ್ದ ನಿಯಮ ಅಂದಾಜು ಪಟ್ಟಿಗೆ ಬರದಿರುವುದು ನೋವಿನ ಸಂಗತಿ.

ಎರೆಹೊಲ:
ನಮ್ಮ ಕಡೆ ಎಲ್ಲಾ ಎರಿ ಮಣ್ಣು ರೀ. 1:1 ಇಳಿಜಾರು ಕೊಟ್ರ ಒಂದು ಮಳಿಗೇ ಗೋಡಿ ಕುಸಿತದ. ಒಣಗಿದಾಗ ಬಿರಿತದ, ನೀರು ಕುಡದಾಗ ಉಬ್ಬತದ. ಒಂದೂವರೆಗೆ ಒಂದು ಕೊಡ್ರಿ ಅಂತಾರ. ಆಗ ನೀರು ಎಷ್ಟು ಕಡಿಮಿ ಆಕ್ಕದ?

ಸೈಟು ಇಂಜಿನಿಯರ್:
ಬಹಳ ಕಡಿಮೆಯಾಗುತ್ತದೆ ರೀ. 10×10 ಬಾಯಿ, 3 ಮೀಟರ್ ಆಳ, ಒಂದೂವರೆಗೆ ಒಂದು ಅಂದರೆ ಒಂದು ಮೀಟರ್ ಇಳಿಯಲು ಒಂದೂವರೆ ಮೀಟರ್ ಒಳಗೆ, ಎರಡೂ ಪಕ್ಕ ಸೇರಿ 9 ಮೀಟರ್ ಹೋಗಿ ತಳ 1×1 ಉಳಿಯುತ್ತದೆ. 100 + 1 + 10 = 111 ಘನ ಮೀಟರ್. 156ರಲ್ಲಿ ನೂರಕ್ಕೆ 29 ಹೋಯಿತು. 21×21ಕ್ಕಾದರೆ ತಳ 12×12, ನೀರು 837. ಅಲ್ಲಿ ನಷ್ಟ ನೂರಕ್ಕೆ 15ರ ಒಳಗೆ.

ಎರಡಕ್ಕೆ ಒಂದು ಕೊಡಲು ಹೋದರೆ 10×10 ಬಾಯಲ್ಲಿ 3 ಮೀಟರ್ ಆಳವೇ ಸಿಗುವುದಿಲ್ಲ. ಎರಡೂವರೆ ಮೀಟರಿಗೆ ನಾಲ್ಕು ಗೋಡೆಗಳೂ ಒಂದು ಬಿಂದುವಿಗೆ ಬಂದು ನಿಲ್ಲುತ್ತವೆ, ಹಿಡಿಯುವುದು 83 ಘನ ಮೀಟರ್. ಎರೆಮಣ್ಣಿನಲ್ಲಿ 10×10, 12×12 ತೋಡಿಸಲೇಬೇಡಿ. ಕಡಿದಾದ ಗೋಡೆ ಕೊಟ್ಟು ನೀರು ಉಳಿಸಲು ಹೋಗಬೇಡಿ, ಕುಸಿದ ಮಣ್ಣು ತಳಕ್ಕೆ ಬಂದು ಕೂತರೆ ನೀರಿನ ಜಾಗವೂ ಹೋಯಿತು, ಹಾಳೆಯೂ ಹರಿಯಿತು. ಬಾಯಿ ಹಿಗ್ಗಿಸಿ.

ಎರೆಹೊಲ:
ತಿಳೀತ್ರಿ. ಬಾಯಿ ಚೌಕ ಇಲ್ದ ಉದ್ದಕ್ಕ ಮಾಡಿದ್ರ? ಬದುವಿನ ಗುಂಟ 8×30 ಜಾಗ ಅದ. ಅದಕ್ಕ ವರ್ಗಮೂಲದ ಸೂತ್ರ ನಡೀತದನ್ರಿ?

ಗಣಿತ ಮೇಷ್ಟ್ರು:
ನಡೆಯುವುದಿಲ್ಲ. ಮೊದಲು 1:1 ಎಂದಿಟ್ಟುಕೊಂಡು ನೋಡೋಣ. ತಳ 2×24. ಮೇಲೆ ಉದ್ದ ಅಗಲದ ಪ್ರಮಾಣ 30ಕ್ಕೆ 8, ಕೆಳಗೆ 24ಕ್ಕೆ 2. ಮೇಲಿನ ಆಯತವೂ ಕೆಳಗಿನ ಆಯತವೂ ಸಮರೂಪವಲ್ಲ. ಅಂಚುಗಳನ್ನು ಕೆಳಗೆ ಮುಂದುವರಿಸಿದರೆ ನಾಲ್ಕೂ ಒಂದು ಬಿಂದುವಿನಲ್ಲಿ ಸೇರದೆ, ತಲೆಕೆಳಗಾದ ನಾಲ್ಕು ಮಗ್ಗುಲ ಹೆಂಚಿನ ಮಾಡಿನ ಹಾಗೆ ಒಂದು ಉದ್ದನೆಯ ಗೆರೆಯಾಗಿ ಮುಗಿಯುತ್ತವೆ. ಪಿರಮಿಡ್ ಇಲ್ಲದ ಮೇಲೆ ಪಿರಮಿಡ್ ಭಿನ್ನಕದ ಸೂತ್ರ ಹೇಗೆ ಹೊಂದೀತು? ವರ್ಗಮೂಲದ ಸೂತ್ರ 395 ಅನ್ನುತ್ತದೆ. ನಿಜ 414: (240 + 4×135 + 48) ÷ 6 × 3. ಉದ್ದನೆಯ ಹೊಂಡಕ್ಕೆ ಒಂದು-ನಾಲ್ಕು-ಒಂದೇ ಗತಿ, ಅಥವಾ ಬ್ರಹ್ಮಗುಪ್ತನ ನಿಯಮ.

ನಿಮ್ಮ ಮಣ್ಣಿಗೆ ಒಂದೂವರೆಗೆ ಒಂದು ಬೇಕೆಂದರೆ 8 ಮೀಟರ್ ಅಗಲದಲ್ಲಿ 9 ಮೀಟರ್ ಕಳೆಯಬೇಕು. 3 ಮೀಟರ್ ಆಳ ಬರುವುದಿಲ್ಲ. 2 ಮೀಟರ್ ಆಳಕ್ಕೆ ತಳ 2×24 ಸಿಗುತ್ತದೆ. ವಿಸ್ತೀರ್ಣಗಳು ಮೇಲಿನವೇ, ಆಳ ಮಾತ್ರ 2, ನೀರು 276 ಘನ ಮೀಟರ್.

ಕುತೂಹಲಿ:
ದುಂಡಗೆ ತೋಡಿದರೆ?

ಗಣಿತ ಮೇಷ್ಟ್ರು:
ಬಾಯಿ ವ್ಯಾಸ 10, ತಳದ ವ್ಯಾಸ 4 ಎಂದು ಹಿಡಿದರೆ ಹೊಸ ಲೆಕ್ಕವೇ ಬೇಡ. ಯಾವ ಮಟ್ಟದಲ್ಲಿ ಕೊಯ್ದರೂ ಚೌಕದೊಳಗೆ ಸರಿಯಾಗಿ ಕೂರುವ ವೃತ್ತ ಸಿಗುತ್ತದೆ, ಅದರ ವಿಸ್ತೀರ್ಣ ಚೌಕದ 0.7854 ಭಾಗ. ಪ್ರತಿ ಕೊಯ್ತವೂ ಅದೇ ಪ್ರಮಾಣದಲ್ಲಿದ್ದರೆ ಒಟ್ಟು ಘನಫಲವೂ ಅದೇ ಪ್ರಮಾಣದಲ್ಲಿರಲೇಬೇಕು. 156 × 0.7854 = 122.5. ಒಳಮೈ ವಿಸ್ತೀರ್ಣವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ.

ಬಾಯಿಯ ಜಾಗ ಸಮವಾಗಿ 100 ಚ.ಮೀ. ಇರಲಿ ಅಂದರೆ ವ್ಯಾಸ 11.28 ಆಗಬೇಕು. ಆಗ ದುಂಡು ಹೊಂಡ ಸುಮಾರು 169 ಘನ ಮೀಟರ್ ಹಿಡಿಯುತ್ತದೆ, ಚೌಕಕ್ಕಿಂತ ನೂರಕ್ಕೆ 8 ಹೆಚ್ಚು. ಹಾಳೆ ಹಾಸುವವರು ಇದಕ್ಕೆ ಒಪ್ಪುವುದು ಕಷ್ಟ.

ಹಾಳೆ ವೆಲ್ಡಿಂಗ್:
ಒಪ್ಪುವುದಿಲ್ಲ ಸರ್! ದುಂಡಗಿನ ಓರೆಗೋಡೆಗೆ ಚಪ್ಪಟೆ ಹಾಳೆ ಹಾಸಿದರೆ ಸುತ್ತಲೂ ಮಡಿಕೆ. ಮಡಿಕೆಯ ಗೀರಲ್ಲೇ ಹಾಳೆ ಮೊದಲು ಒಡೆಯುವುದು. ಚೌಕದಲ್ಲಾದರೆ ಮಡಿಕೆ ನಾಲ್ಕು ಮೂಲೆಗೆ ಮುಗಿಯುತ್ತದೆ.

ಹಾಳೆಯ ಲೆಕ್ಕ ಮೊದಲ ಪ್ರಶ್ನೆಯಲ್ಲೇ ಇತ್ತು, ಯಾರೂ ಮುಟ್ಟಿಲ್ಲ. ಇಳಿಜಾರಿನ ಮೇಲೆ ಅಳೆದರೆ ಗೋಡೆ 4.24 ಮೀಟರ್ ಬರುತ್ತದೆ. ಆಳ 3 ಇದೆಯೆಂದು ಹಾಳೆಗೂ 3 ಹಿಡಿದವರ ಹಾಳೆ ಅಂಚಿಗೆ ತಲುಪುವುದೇ ಇಲ್ಲ, ಒಂದೊಂದು ಪಕ್ಕದಲ್ಲೂ ಮೊಳಕ್ಕಿಂತ ಎಷ್ಟೋ ಹೆಚ್ಚು ಕಡಿಮೆ ಬೀಳುತ್ತದೆ. 10×10ಕ್ಕೆ ತಳ 4, ಎರಡು ಗೋಡೆ 8.49, ಮೇಲೆ ಅಂಚಿನಲ್ಲಿ ಹೂಳಲು ಎರಡೂ ಪಕ್ಕ ಒಂದೊಂದು ಮೀಟರ್: 14.5 ಮೀಟರ್ ಚೌಕದ ಹಾಳೆ, 210 ಚ.ಮೀ. 20×20ಕ್ಕೆ 24.5 ಮೀಟರ್ ಚೌಕ, 600 ಚ.ಮೀ. ನೀರು 5.6 ಪಟ್ಟು ಬಂದರೂ ಹಾಳೆ ಮೂರು ಪಟ್ಟೂ ಬೇಕಿಲ್ಲ.

ಒಂದು ಘನ ಮೀಟರ್ ನೀರಿಗೆ ಎಷ್ಟು ಹಾಳೆ ಎಂದು ನೋಡಿದರೆ 10×10ರಲ್ಲಿ 1.35 ಚ.ಮೀ., 20×20ರಲ್ಲಿ 0.69, 21×21ರಲ್ಲಿ 0.66. ಚಿಕ್ಕ ಹೊಂಡಕ್ಕೆ ಹಾಳೆ ದುಬಾರಿ ಬೀಳಲು ಇದೇ ಕಾರಣ. ಇನ್ನೊಂದು ವಿಷಯ, ಬಾಯಿ ಎಷ್ಟೇ ಹಿಗ್ಗಿದರೂ ಮೂಲೆಯಲ್ಲಿ ಮಡಿಕೆಗೆ ಹೋಗುವ ಹಾಳೆ ಬದಲಾಗುವುದಿಲ್ಲ. ಮೂಲೆಗೆ 18 ಚ.ಮೀ. ಹಾಳೆ ಬರುತ್ತದೆ, ಅಲ್ಲಿ ನಿಜಕ್ಕೂ ಬೇಕಾದದ್ದು 12.7. ನಾಲ್ಕು ಮೂಲೆ ಸೇರಿ 21 ಚ.ಮೀ. ಮಡಿಕೆ, 10ಕ್ಕೂ ಅಷ್ಟೇ 21ಕ್ಕೂ ಅಷ್ಟೇ. ಆ ಮಡಿಕೆ ಕತ್ತರಿಸಿ ಬೆಸೆಯುವ ಆಸೆ ಬೇಡ, ಹೊಲದಲ್ಲಿ ಧೂಳಿನ ಮಧ್ಯೆ ಹಾಕಿದ ಬೆಸುಗೆ ಮೂಲೆಯಲ್ಲೇ ಬಿಡುತ್ತದೆ. ನೀಟಾಗಿ ಒಂದೇ ದಿಕ್ಕಿಗೆ ಮಡಚಿ ಮಲಗಿಸಿ.

ತೂಕವೂ ಗೊತ್ತಿರಲಿ. 500 ಮೈಕ್ರಾನ್ (ಅರ್ಧ ಮಿ.ಮೀ.) ದಪ್ಪದ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ ಚದರ ಮೀಟರಿಗೆ ಅರ್ಧ ಕೆಜಿಗೆ ತುಸು ಕಡಿಮೆ. 10×10ರ ಹಾಳೆ 100 ಕೆಜಿ ಆಸುಪಾಸು, 21×21ರದ್ದು 300 ಕೆಜಿ ದಾಟುತ್ತದೆ. ಗಾಳಿ ಎದ್ದಾಗ ಬಿಡಿಸಬಾರದು. ಹಾಸಿದ ಮೇಲೆ ಗಂಟು ಹಾಕಿದ ಹಗ್ಗವನ್ನು ಎರಡು ಕಡೆಯಾದರೂ ಇಳಿಬಿಡಿ, ಸುತ್ತ ಬೇಲಿ ಹಾಕಿಸಿ. ಒದ್ದೆ ಹಾಳೆಯ ಮೇಲೆ 45 ಡಿಗ್ರಿ ಇಳಿಜಾರು ಹತ್ತಲು ದೊಡ್ಡವರಿಗೂ ಆಗುವುದಿಲ್ಲ.

ಹೊಲದಂಚು:
ತೋಡಿಸುವಾಗ ಜೆಸಿಬಿಯವರಿಗೆ ಇಳಿಜಾರು ಹೇಗೆ ತೋರಿಸುವುದು? ಕಣ್ಣಂದಾಜಿನಲ್ಲಿ ಕೆರೆಯುತ್ತಾರೆ.

ಸೈಟು ಇಂಜಿನಿಯರ್:
ಹೊರಚೌಕ 10×10 ಗೂಟ ಹೊಡೆದು ಸುಣ್ಣ ಹಾಕಿ. ಎರಡೂ ಕರ್ಣ 14.14 ಮೀಟರ್ ಬರಬೇಕು, ಬಾರದಿದ್ದರೆ ಚೌಕ ಓರೆಯಾಗಿದೆ. ಅದೇ ಕರ್ಣದ ಹಗ್ಗದ ಮೇಲೆ ಪ್ರತಿ ಮೂಲೆಯಿಂದ 4.24 ಮೀಟರ್ ಒಳಗೆ ಇನ್ನೊಂದು ಗುರುತು ಹಾಕಿದರೆ 4×4 ತಳ ಸಿಕ್ಕಿತು.

ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ. ಮೊದಲ ಮೀಟರ್ 8×8, ಎರಡನೆಯದು 6×6, ಮೂರನೆಯದು 4×4. ಇಷ್ಟಕ್ಕೆ 64 + 36 + 16 = 116 ಘನ ಮೀಟರ್ ಮಣ್ಣು ಬಂದಿರುತ್ತದೆ. ಆಮೇಲೆ ಮೆಟ್ಟಿಲ ಮೂಲೆಗಳನ್ನು ಹೊರಗೆರೆಯಿಂದ ಕೆರೆದು ಇಳಿಜಾರು ಮಾಡಬೇಕು, ಆ ಕೆರೆತದಲ್ಲಿ ಇನ್ನೂ 40 ಬರುತ್ತದೆ. ಮೆಟ್ಟಿಲು ಹಾಗೇ ಬಿಟ್ಟು ಗಾಡಿ ಹೊರಟರೆ ಹೊಂಡದ ಕಾಲು ಭಾಗ ತೋಡಿಲ್ಲ ಎಂದೇ ಅರ್ಥ. ಹಾಳೆಯೂ ಮೆಟ್ಟಿಲ ಮೇಲೆ ಸರಿಯಾಗಿ ಕೂರದೆ, ನೀರಿನ ಭಾರಕ್ಕೆ ಎಳೆದು ಹರಿಯುತ್ತದೆ.

ಪರೀಕ್ಷೆಗೆ ಒಂದು ಮೀಟರ್ ಅಡ್ಡ, ಒಂದು ಮೀಟರ್ ನೆಟ್ಟಗಿನ ಮರದ ಮೂಲೆಮಟ್ಟ ಮಾಡಿ, ತೂಗುಗುಂಡು ಕಟ್ಟಿ, ಓರೆಪಟ್ಟಿಯನ್ನು ಗೋಡೆಗೆ ಒರಗಿಸಿ ನೋಡಿ. ಪಕ್ಕದ ನಡುವಿನಲ್ಲೇ ಅಳೆಯಿರಿ, ಮೂಲೆಯಲ್ಲಿ ಬೇಡ. ಮೂಲೆಯ ಅಂಚು 3 ಮೀಟರ್ ಇಳಿಯಲು 4.24 ಮೀಟರ್ ಅಡ್ಡ ಹೋಗುತ್ತದೆ. ಅಲ್ಲಿ ಇಳಿಜಾರು ಯಾವಾಗಲೂ ಚಪ್ಪಟೆಯಾಗಿಯೇ ಕಾಣುತ್ತದೆ.

ತೆಗೆದ ಮಣ್ಣು ಸಡಿಲವಾಗಿ ನೂರಕ್ಕೆ 20ರಿಂದ 30 ಉಬ್ಬುತ್ತದೆ. 156 ತೋಡಿದರೆ ಹೊರಗೆ 190ರಿಂದ 200ರಷ್ಟು ಗುಡ್ಡೆ. ಟ್ರ್ಯಾಕ್ಟರ್ ಲೋಡು ಎಣಿಸಿ ಹೊಂಡದ ಅಳತೆ ಹೇಳುವವರ ಲೆಕ್ಕ ಇಲ್ಲಿಯೇ ತಪ್ಪುವುದು.

ಗಣಿತ ಮೇಷ್ಟ್ರು:
ಮಕ್ಕಳಿಗೆ ಲಂಬ ಕೊಯ್ತ ತೋರಿಸಲು ಆ ಮೂಲೆಯ ಮಾತು ಬಹಳ ಒಳ್ಳೆಯ ಉದಾಹರಣೆ. ಹೊಂಡದ ನಡುವೆ ಪಕ್ಕಕ್ಕೆ ಸಮಾನಾಂತರವಾಗಿ ಕೊಯ್ದರೆ ಸಿಗುವ ತ್ರಾಪಿಜ್ಯದ ಮೇಲ್ಬದಿ 10, ಕೆಳಬದಿ 4, ಎತ್ತರ 3, ವಿಸ್ತೀರ್ಣ 21 ಚ.ಮೀ. ಕರ್ಣದ ಮೇಲೆ ಕೊಯ್ದರೆ 14.14, 5.66, 3, ವಿಸ್ತೀರ್ಣ 29.7. ಅಂಚಿನಿಂದ ಒಂದು ಮೀಟರ್ ಒಳಗೆ ಕೊಯ್ದರೆ 10, 8, ಎತ್ತರ 1. ಒಂದೇ ಹೊಂಡ, ಮೂರು ತ್ರಾಪಿಜ್ಯ. ‘ಹೊಂಡದ ಅಡ್ಡಕೊಯ್ತ ಬರೆಯಿರಿ’ ಎಂದಷ್ಟೇ ಕೇಳುವ ಪ್ರಶ್ನೆ ಅಪೂರ್ಣ, ಎಲ್ಲಿ ಕೊಯ್ಯಬೇಕೆಂದು ಹೇಳಬೇಕು.

ಟೀಚರ್:
ಸರ್, ವಿಜ್ಞಾನ ವಸ್ತುಪ್ರದರ್ಶನಕ್ಕೆ ಇದೇ ಹೊಂಡದ 1:20 ಮಾದರಿ ಮಾಡಿಸುತ್ತಿದ್ದೇವೆ. ನೀರು, ಹಾಳೆ ಎಷ್ಟು ಬೇಕು? ಅದರಲ್ಲೇ ಆವಿಯಾಗುವುದನ್ನೂ ಅಳೆದು ತೋರಿಸಬಹುದೇ?

ಗಣಿತ ಮೇಷ್ಟ್ರು:
ಮಾದರಿಗೆ ಸಮರೂಪ ನಿಯಮ ಪೂರ್ತಿ ಹೊಂದುತ್ತದೆ ಮೇಡಂ. ಬಾಯಿ 50 ಸೆಂ.ಮೀ., ತಳ 20, ಆಳ 15. ವಿಸ್ತೀರ್ಣಗಳು 400ರಲ್ಲಿ ಒಂದು ಪಾಲು, ಘನಫಲ 8000ದಲ್ಲಿ ಒಂದು ಪಾಲು. 156 ಘನ ಮೀಟರ್ ಇದ್ದದ್ದು 19.5 ಲೀಟರ್ ಆಗುತ್ತದೆ. ಮಕ್ಕಳಿಂದಲೇ ಒಂದು ಲೀಟರ್ ಅಳತೆ ಪಾತ್ರೆಯಲ್ಲಿ ಸುರಿಸಿ ಎಣಿಸಿ, ಹತ್ತೊಂಬತ್ತೂವರೆ ಪಾತ್ರೆ ತುಂಬಿದಾಗ ಸೂತ್ರ ಅವರದ್ದಾಗುತ್ತದೆ. ಅಂಚಿನ ಹೂಳುವ ಭಾಗ ಸೇರಿ 72.5 ಸೆಂ.ಮೀ. ಚೌಕದ ಹಾಳೆ ಸಾಕು.

ಆವಿಯ ಅಳತೆ ಮಾಡಿ, ಆದರೆ ದೊಡ್ಡ ಹೊಂಡಕ್ಕೆ ನೇರವಾಗಿ ಹೊಂದಿಸಬೇಡಿ. ದಿನಕ್ಕೆ 5 ಮಿ.ಮೀ. ಆವಿಯಾಗುತ್ತದೆ ಎನ್ನಿ. ಮಾದರಿ ಕುಗ್ಗಿತೆಂದು ಬಿಸಿಲು ಕುಗ್ಗುವುದಿಲ್ಲ, ಅಲ್ಲೂ 5 ಮಿ.ಮೀ. ದೊಡ್ಡ ಹೊಂಡದಲ್ಲಿ ಅದು 500 ಲೀಟರ್, ಒಟ್ಟಿನ ನೂರಕ್ಕೆ 0.32. ಮಾದರಿಯಲ್ಲಿ ಒಂದೂಕಾಲು ಲೀಟರ್, ಒಟ್ಟಿನ ನೂರಕ್ಕೆ 6.4. ಸರಿಯಾಗಿ ಇಪ್ಪತ್ತು ಪಟ್ಟು ಬೇಗ ಒಣಗುತ್ತದೆ. ಮೇಲ್ಮೈ 400ರಿಂದ ಕುಗ್ಗಿತು, ನೀರು 8000ದಿಂದ ಕುಗ್ಗಿತು, 8000ವನ್ನು 400ರಿಂದ ಭಾಗಿಸಿದರೆ ಬರುವುದೇ ಈ 20. ಪ್ರದರ್ಶನದ ಪಟ್ಟಿಯಲ್ಲಿ ಇದನ್ನೇ ದೊಡ್ಡದಾಗಿ ಬರೆಸಿ.

ಹೊಲದಂಚು:
ಕೊನೆಯದು. ಅರ್ಧ ನೀರು ಉಳಿದಿದೆ ಎಂದು ಗೊತ್ತಾಗಲು ಕೋಲಿನ ಮೇಲೆ ಒಂದೂವರೆ ಮೀಟರಿಗೆ ಗೆರೆ ಎಳೆದರೆ ಸರಿಯೇ?

ಸೈಟು ಇಂಜಿನಿಯರ್:
ಸರಿಯಲ್ಲ. ಅರ್ಧ ಆಳದಲ್ಲಿ 10×10ರ ಹೊಂಡದಲ್ಲಿ ನೂರಕ್ಕೆ 30ರಷ್ಟೇ ನೀರು. ಅರ್ಧ ನೀರಿನ ಗೆರೆ ತಳದಿಂದ 2.05 ಮೀಟರಿಗೆ ಬರುತ್ತದೆ. 21×21ರಲ್ಲಾದರೆ ಅರ್ಧ ಆಳಕ್ಕೆ ನೂರಕ್ಕೆ 42, ಹಾಗಾಗಿ ಒಂದು ಹೊಂಡದ ಕೋಲು ಇನ್ನೊಂದಕ್ಕೆ ನಡೆಯುವುದಿಲ್ಲ. ಮೇಷ್ಟ್ರು ಕೊಟ್ಟ ಘನದ ಸೂತ್ರದಲ್ಲಿ ಬಾಯಿಯ ಬದಲು ನೀರಿನ ಮಟ್ಟದ ಅಗಲ ಹಾಕಿ. ತಳ 4, ಪ್ರತಿ ಅರ್ಧ ಮೀಟರಿಗೆ ಅಗಲ ಒಂದು ಮೀಟರ್ ಹೆಚ್ಚುತ್ತದೆ. ಕೋಲಿಗೆ ಹೀಗೆ ಬರೆಯಿರಿ:

0.5 ಮೀ.: 10 ಘ.ಮೀ.
1.0 ಮೀ.: 25
1.5 ಮೀ.: 46
2.0 ಮೀ.: 75
2.5 ಮೀ.: 111
3.0 ಮೀ.: 156

ಮೇಲಿನ ಅರ್ಧ ಮೀಟರಿನಲ್ಲೇ 45 ಘನ ಮೀಟರ್ ಇದೆ, ಕೆಳಗಿನ ಅರ್ಧ ಮೀಟರಿನಲ್ಲಿ 10. ತಳದಲ್ಲಿ 30 ಸೆಂ.ಮೀ. ಹೂಳು ತುಂಬಿದರೆ ಹೋಗುವುದು ಐದೂವರೆ ಘನ ಮೀಟರ್. ಕೋಡಿಯನ್ನು ಬಾಯಿಗಿಂತ 30 ಸೆಂ.ಮೀ. ಕೆಳಗೆ ಇಟ್ಟರೆ ಹೋಗುವುದು 28. ಹಾಗೆಂದು ಕೋಡಿಯನ್ನು ಬಾಯಿಯ ಮಟ್ಟಕ್ಕೇ ಏರಿಸಬೇಡಿ, ಜೋರು ಮಳೆಗೆ ಅಂಚು ಕೊಚ್ಚಿ ಹೂತಿಟ್ಟ ಹಾಳೆ ಎದ್ದುಬರುತ್ತದೆ. ಹೊಂಡದ ಸುತ್ತ ತೆಗೆದ ಮಣ್ಣಿನಿಂದಲೇ 30 ಸೆಂ.ಮೀ. ಬದು ಕಟ್ಟಿ, ಗಟ್ಟಿಯಾಗಿ ದಮ್ಮಸ್ಸು ಮಾಡಿ, ಕೋಡಿಯನ್ನು ಮೂಲ ನೆಲದ ಮಟ್ಟಕ್ಕೆ ಕೊಡಿ. ಹಾಳೆ ಆ ಬದುವನ್ನೂ ಹತ್ತಿ ಅದರ ಹಿಂದೆ ಹೂಳಬೇಕು. ಅದಕ್ಕೆ 14.5 ಮೀಟರ್ ಸಾಲದು, 15.5 ಮೀಟರ್ ಚೌಕ ತರಿಸಿ.